ಮೂವತ್ತೆಂಟು ಖಾಲಿ ಹೆಜ್ಜೆಗಳು

ಒಡೆಟ್ ಲಾಫ್ಲಾಮ್ ಬಹಳ ಒಳ್ಳೆಯ ಹೆಂಗಸಾಗಿದ್ದಳು ಎಂದು ಅವಳ ಮಣ್ಣಿಗೆ ಬಂದವರೆಲ್ಲ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ ಕುಡಿಯುತ್ತಾ ಹೇಳಿದರು. ನನಗೆ ಮೈಯೆಲ್ಲ ಉರಿಯಿತು. ಒಳ್ಳೆಯವಳೂ ಅಲ್ಲ, ಮಣ್ಣೂ ಅಲ್ಲ. ಹದಿನೇಳು ವರ್ಷ ಅವಳ ಪಕ್ಕದ ಕೋಣೆಯಲ್ಲಿ ಕೂತು ಕೆಲಸ ಮಾಡಿದವಳು ನಾನು, ನೋರೀನ್ ಶಿಯಾ. ನನಗೆ ಗೊತ್ತಿಲ್ಲದೆ ಇವರಿಗೇನು ಗೊತ್ತು? ಬೆಳಿಗ್ಗೆ ಎದುರಿಗೆ ಸಿಕ್ಕಾಗ ಬಿಸಿಲು ಚೆನ್ನಾಗಿದೆ ಅಲ್ವಾ ಎಂದರೆ, "ಕಿಟಕಿ ನನ್ನ ಕೋಣೇಲೂ ಇದೆ" ಎಂದು ಮುಂದೆ ಹೋಗುವವಳು ಅವಳು. ಕಂಪನಿಯ ಯಂತ್ರಗಳ ಕೈಪಿಡಿ ಬರೆಯುವುದು ನನ್ನ ಕೆಲಸ. ತಿದ್ದಲು ಪುಟ ಕೊಟ್ಟರೆ ಕೆಂಪು ಪೆನ್ಸಿಲಿನಲ್ಲಿ ಗೀಚಿ ನನ್ನ ಮೇಜಿನ ಮೇಲೆ ಎಸೆದು ಹೋಗುತ್ತಿದ್ದಳು. ಒಮ್ಮೆ ಹನ್ನೆರಡು ಪುಟಕ್ಕೂ ಸೇರಿ ಒಂದೇ ಷರಾ ಬರೆದಿದ್ದಳು: "ಬರೆದವಳಿಗೆ ಇದು ಅರ್ಥವಾಗಿದೆಯೇ?" ನಾನು ಶೌಚಾಲಯದಲ್ಲಿ ಕೂತು ಅತ್ತೆ. ಮುಖ ತೊಳೆದು ಬಂದು ಮತ್ತೆ ಓದಿದರೆ, ನಿಜಕ್ಕೂ ನನಗೆ ಅರ್ಥವಾಗಿರಲಿಲ್ಲ.

ನಮ್ಮ ಕ್ವಿನ್ಸೆಟ್ ಕಂಪ್ಯೂಟರ್ ಕಂಪನಿ ಇದ್ದದ್ದು ಮೆರಿಮ್ಯಾಕ್ ನದಿಯ ದಂಡೆಯ ಹಳೇ ಉಣ್ಣೆ ಗಿರಣಿಯಲ್ಲಿ. ಮಗ್ಗಗಳನ್ನು ಕಿತ್ತು ಮಾರಿ ಕಂಪ್ಯೂಟರ್ ತಂದು ಇಟ್ಟಿದ್ದರು, ಅಷ್ಟೇ. ಆಗಸ್ಟ್ ತಿಂಗಳ ಸೆಕೆಗೆ ಮೇಲಿನ ತೊಲೆಗಳಿಂದ ಉಣ್ಣೆಯ ಜಿಡ್ಡು ಇನ್ನೂ ತೊಟ್ಟಿಕ್ಕುತ್ತಿತ್ತು, ಕಾಗದದ ಮೇಲೆ, ತಲೆಯ ಮೇಲೆ. ಒಡೆಟ್‌ಳ ತಾಯಿ ಕೆಬೆಕ್‌ನಿಂದ ಬಂದು ಇದೇ ಗಿರಣಿಯ ಮೂರನೇ ಮಹಡಿಯಲ್ಲಿ ಮೂವತ್ತು ವರ್ಷ ದುಡಿದವಳು. ನೇಯ್ದ ಬಟ್ಟೆಯ ಮೇಲೆ ಬೆರಳಾಡಿಸಿ, ಗಂಟು ಎಲ್ಲಿದೆ ನೋಡಿ, ಚಿಮುಟದಿಂದ ಎತ್ತಿ ತೆಗೆಯುವ ಕೆಲಸ. ಮಗಳು ಕೂತದ್ದೂ ಅದೇ ಮೂರನೇ ಮಹಡಿ. "ನಮ್ಮಮ್ಮ ಇಲ್ಲಿ ಒಂದು ಗಂಟೂ ಬಿಟ್ಟವಳಲ್ಲ" ಎಂದು ಅವಳು ಹೇಳುತ್ತಿದ್ದಳು. ಅವಳು ಹೆಮ್ಮೆಯಿಂದ ಹೇಳಿದ ಮಾತು ನಾನು ಕೇಳಿದ್ದು ಅದೊಂದೇ.

ಒಡೆಟ್‌ಳ ಕೆಲಸ ಏನು ಎಂದು ಹೇಳದೆ ಮುಂದೆ ಹೋಗುವ ಹಾಗಿಲ್ಲ. ನಮ್ಮ ಏಳುನೂರನೇ ಮಾದರಿ ಯಂತ್ರಕ್ಕೆ ಮುನ್ನೂರಕ್ಕೂ ಹೆಚ್ಚು ಆಜ್ಞೆಗಳು ಗೊತ್ತಿದ್ದವು. ಮನೆಯಲ್ಲಿ ಪಳಗಿದ ಅಡುಗೆಯವಳಿಗೆ "ಶನಿವಾರದ ಬೀನ್ಸ್ ಮಾಡು" ಎಂದು ಒಂದು ಮಾತು ಹೇಳಿದರೆ ಸಾಕಲ್ಲ, ಕಾಳು ನೆನೆಹಾಕುವುದು, ಬೇಯಿಸುವುದು, ಹಂದಿಕೊಬ್ಬು ಹಾಕುವುದು ಎಲ್ಲ ಅವಳೇ ನೋಡಿಕೊಳ್ಳುತ್ತಾಳಲ್ಲ, ಹಾಗೆ. "ಈ ಪಟ್ಟಿಯಲ್ಲಿ ಇಂಥದನ್ನು ಹುಡುಕು" ಎಂದು ಒಂದೇ ಆಜ್ಞೆ ಕೊಟ್ಟರೆ ಯಂತ್ರ ಇಡೀ ಪಟ್ಟಿಯನ್ನು ತಡಕಿ ಹುಡುಕಿ ಕೊಡುತ್ತಿತ್ತು. ಹೇಗೆ ಹುಡುಕಬೇಕು ಎಂಬುದನ್ನು ಯಂತ್ರದ ಹೊಟ್ಟೆಯೊಳಗೆ ಒಂದೊಂದೇ ಹೆಜ್ಜೆಯಾಗಿ ಬರೆದಿಟ್ಟವರು ಬೇಕಲ್ಲ? ಆ ಒಳಗಿನ ಬರಹವೇ ಮೈಕ್ರೋಕೋಡ್; ಯಂತ್ರದ ಗಡಿಯಾರ ಒಂದು ಸಲ ಬಡಿದರೆ ಅದರ ಒಂದು ಹೆಜ್ಜೆ ಮುಗಿಯುತ್ತದೆ. ಹೊರಗಿನವರು ಅದನ್ನು ಕಾಣುವುದಿಲ್ಲ, ಕೈಪಿಡಿಯಲ್ಲೂ ಅದು ಇರುವುದಿಲ್ಲ. ಒಡೆಟ್ ಮತ್ತು ಅವಳ ಕೈಕೆಳಗಿನ ಐದು ಜನ ಬರೆಯುತ್ತಿದ್ದದ್ದು ಅದನ್ನೇ. ಒಂದು ಹೆಜ್ಜೆ ಉಳಿಸಲು ಮೂರು ದಿನ ತಲೆ ಕೆಡಿಸಿಕೊಳ್ಳುವ ಜಾತಿ ಅವಳದು.

ಆ ಮಹಡಿಯಲ್ಲಿ ಒಂದು ಪದ್ಧತಿ ಇತ್ತು. ಯಂತ್ರದೊಳಗಿನ ಸರ್ಕ್ಯೂಟ್ ಬೋರ್ಡು ಮಾಡುವವರು ಕೆಳಗಿನ ಮಹಡಿಯವರು. ಅವರ ಬೋರ್ಡಿನಲ್ಲಿ ಏನಾದರೂ ತಪ್ಪಾದರೆ, ಅದಾಗಲೇ ನೂರಾರು ಬೋರ್ಡು ತಯಾರಾಗಿಬಿಟ್ಟಿದ್ದರೆ, ತಪ್ಪು ಮಾಡಿದ ಬಡಪಾಯಿ ಮೆಟ್ಟಿಲು ಹತ್ತಿ ಮೈಕ್ರೋಕೋಡ್ ಕೋಣೆಗೆ ಬರುತ್ತಿದ್ದ. ಮೇಲಿನವರು ತಮ್ಮ ಬರಹದಲ್ಲಿ ಒಂದು ತೇಪೆ ಹಾಕಿ ಆ ತಪ್ಪನ್ನು ಮುಚ್ಚುತ್ತಿದ್ದರು. ಎಲ್ಲೂ ಬರೆದಿಡುತ್ತಿರಲಿಲ್ಲ, ಷರಾದ ಜಾಗದಲ್ಲಿ ಸಣ್ಣದೊಂದು ಕತ್ತರಿ ಗುರುತು, ಅಷ್ಟೇ. ತಪ್ಪು ಮಾಡಿದವನು ಮಾರನೆಯ ದಿನ ಹಣ್ಣು ತುಂಬಿ ಬೇಯಿಸಿದ ಒಂದು ಪೈ ತಂದು ಮೇಜಿನ ಮೇಲಿಟ್ಟು ಹೋಗುತ್ತಿದ್ದ. ಯಾಕೆ ಎಂದು ಯಾರೂ ಕೇಳಬಾರದು. ಮುಚ್ಚಿದವರು ಯಾವತ್ತೂ ಬಾಯಿ ಬಿಡಬಾರದು. ಹೇಳುವುದಿದ್ದರೆ ತಪ್ಪು ಮಾಡಿದವನೇ ಹೇಳಿಕೊಳ್ಳಬೇಕು. ಆ ಪೈಗಳಲ್ಲಿ ನಾನೂ ಎಷ್ಟೋ ತುಂಡು ತಿಂದಿದ್ದೇನೆ.

ಎಪ್ಪತ್ತನಾಲ್ಕರ ಅಕ್ಟೋಬರ್‌ನಲ್ಲಿ ಹಾಗೆ ಮೆಟ್ಟಿಲು ಹತ್ತಿ ಬಂದವನು ಮರ್ಟನ್ ಟ್ವಿಚೆಲ್. ಏಳುನೂರನೇ ಮಾದರಿಯ ಮೆಮೊರಿ ಬೋರ್ಡು ಅವನದು. ನಾನು ಪುಟ ಕೊಡಲು ಒಳಗೆ ಹೋದಾಗ ಅವನು ಕುರ್ಚಿಯಲ್ಲಿ ಕೂತು ಅಳುತ್ತಿದ್ದ. ಆರಡಿ ಗಂಡಸು, ಕೈಯಲ್ಲಿ ಬೋರ್ಡಿನ ನಕ್ಷೆ.

"ಮಾಹಿತಿ ಒಂದು ಬಡಿತ ತಡವಾಗಿ ಬರ್ತಿದೆ ಒಡೆಟ್" ಎಂದ. "ಕೇಳೋ ಹೊತ್ತಿಗೆ ತಲುಪಲ್ಲ. ಹಳೇ ಕಸವನ್ನೇ ಓದಿಬಿಡುತ್ತೆ. ನಾನೂರು ಬೋರ್ಡು ಆಗಿಹೋಗಿದೆ. ಮೇಲಿನವರಿಗೆ ಗೊತ್ತಾದರೆ ನನ್ನನ್ನ ನಾಳೆನೇ ಆಚೆ ಹಾಕ್ತಾರೆ. ಮಗು ಹುಟ್ಟಿ ಇನ್ನೂ ಒಂದು ತಿಂಗಳಾಗಿಲ್ಲ."

"ಅಳೋದು ನಿಲ್ಲಿಸು. ನಕ್ಷೆ ಒದ್ದೆಯಾಗುತ್ತೆ" ಎಂದಳು ಒಡೆಟ್. ನನ್ನ ಕಡೆ ತಿರುಗಿ, "ನೀನು ಬಾಗಿಲು ಹಾಕು" ಎಂದಳು. ಒಳಗೋ ಹೊರಗೋ ಹೇಳಲಿಲ್ಲ; ನಾನು ಒಳಗೇ ನಿಂತು ಹಾಕಿದೆ.

ಮೆಮೊರಿಯಿಂದ ಮಾಹಿತಿ ತರಿಸುವ ಕಡೆಯಲ್ಲೆಲ್ಲ ಅವಳು ಒಂದೊಂದು ಖಾಲಿ ಹೆಜ್ಜೆ ಸೇರಿಸಿದಳು. ಏನೂ ಮಾಡದ ಹೆಜ್ಜೆ. ಯಂತ್ರ ಅಲ್ಲಿ ಒಂದು ಬಡಿತ ಸುಮ್ಮನೆ ನಿಲ್ಲುತ್ತದೆ, ಅಷ್ಟರಲ್ಲಿ ಮಾಹಿತಿ ಬಂದು ಸೇರುತ್ತದೆ. ಒಟ್ಟು ಮೂವತ್ತೆಂಟು ಕಡೆ, ಮೂವತ್ತೆಂಟು ಕತ್ತರಿ ಗುರುತು. ಒಂದು ಹೆಜ್ಜೆಗಾಗಿ ಮೂರು ದಿನ ಒದ್ದಾಡುವವಳು ಮೂವತ್ತೆಂಟನ್ನು ಒಂದು ಮಧ್ಯಾಹ್ನದಲ್ಲಿ ತನ್ನ ಕೈಯಾರೆ ಹಾಳು ಮಾಡಿದಳು. ಹಾಕುವಾಗ ಅವಳ ಮುಖ ನೋಡಬೇಕಿತ್ತು, ಕಹಿ ಮಾತ್ರೆ ಅಗಿಯುವವರ ಹಾಗಿತ್ತು. ಮಾರನೆಯ ದಿನ ಬ್ಲೂಬೆರಿ ಪೈ ಬಂತು, ಟ್ವಿಚೆಲ್‌ನ ಹೆಂಡತಿ ಬಾಣಂತಿ ಕೈಯಲ್ಲಿ ಮಾಡಿದ್ದು. ಒಡೆಟ್ ಮುಟ್ಟಲಿಲ್ಲ. ನಾನು ಎರಡು ತುಂಡು ತಿಂದೆ.

ಎರಡು ವರ್ಷದಲ್ಲಿ ಬೋರ್ಡು ಸರಿಹೋಯಿತು. ಆ ನಾನೂರು ಬೋರ್ಡುಗಳೂ ಗುಜರಿ ಸೇರಿದವು. ಖಾಲಿ ಹೆಜ್ಜೆಗಳನ್ನು ಕಿತ್ತು ಹಾಕಬಹುದಿತ್ತು. ಆದರೆ ಯಂತ್ರ ಮಾರುಕಟ್ಟೆಗೆ ಹೋದ ಮೇಲೆ ಮೈಕ್ರೋಕೋಡಿನಲ್ಲಿ ಏನನ್ನು ಬದಲಿಸಬೇಕಾದರೂ ಕಾರಣ ಬರೆದು ಸಹಿ ಮಾಡಬೇಕು, ಅದು ಕಂಪನಿಯ ನಿಯಮ. ಏನೆಂದು ಬರೆಯುವುದು? ಟ್ವಿಚೆಲ್ ಎರಡು ಸಲ ಬಂದು ಕೈ ಹಿಡಿದುಕೊಂಡು, "ಈಗ ಬೇಡ ಮಾರಾಯ್ತಿ, ನನ್ನ ಬಡ್ತಿ ಕಾಗದ ಮೇಲಿದೆ" ಎಂದು ಬೇಡಿಕೊಂಡ. ಬಡ್ತಿ ಸಿಕ್ಕಿತು. ಇನ್ನೊಂದೂ ಸಿಕ್ಕಿತು. ಖಾಲಿ ಹೆಜ್ಜೆಗಳು ಒಂದು ಯಂತ್ರದಿಂದ ಮುಂದಿನ ಯಂತ್ರಕ್ಕೆ ನಕಲಾಗುತ್ತಾ ಹಾಗೇ ಹೋದವು. ಎಂಬತ್ತೈದರ ಹೊತ್ತಿಗೆ ಟ್ವಿಚೆಲ್ ಇಡೀ ಯಂತ್ರ ವಿಭಾಗದ ಮುಖ್ಯಸ್ಥ, ಕಂಪನಿಯ ಉಪಾಧ್ಯಕ್ಷ. ಲಿಫ್ಟಿನಲ್ಲಿ ಒಡೆಟ್ ಸಿಕ್ಕರೆ ಮೇಲಿನ ಅಂಕಿಗಳನ್ನೇ ನೋಡುತ್ತಾ ನಿಲ್ಲುತ್ತಿದ್ದ.

ಆ ವರ್ಷವೇ ಕ್ಯಾಲಿಫೋರ್ನಿಯಾದಿಂದ ಕರ್ಟಿಸ್ ಯಮಾನೆ ಬಂದದ್ದು. ಟ್ವಿಚೆಲ್ ಕರೆಸಿಕೊಂಡ ಎಂಜಿನಿಯರ್. ನಲವತ್ತರ ಹತ್ತಿರದ ಮನುಷ್ಯ, ಊಟದ ಡಬ್ಬಿಯಲ್ಲಿ ಅನ್ನದುಂಡೆ ತರುತ್ತಿದ್ದ, ಯಾರ ಮೇಲೂ ದನಿ ಎತ್ತುತ್ತಿರಲಿಲ್ಲ. ಅವನು ತಂದದ್ದು ರಿಸ್ಕ್, ಅಂದರೆ ಕಡಿಮೆ ಆಜ್ಞೆಗಳ ಯಂತ್ರ, ಎನ್ನುವ ಹೊಸ ವಾದ. ಯಂತ್ರಕ್ಕೆ ಮುನ್ನೂರು ಆಜ್ಞೆ ಯಾಕೆ ಬೇಕು, ನಲವತ್ತು ಸಾಕು, ಒಂದೊಂದೂ ಸಣ್ಣದಿರಲಿ, ಒಂದೊಂದೂ ಒಂದೇ ಬಡಿತದಲ್ಲಿ ಮುಗಿಯಲಿ. "ಬೀನ್ಸ್ ಮಾಡು" ಎನ್ನಬೇಡ. "ನೀರು ಇಡು, ಕಾಳು ಹಾಕು" ಎಂದು ಒಂದೊಂದೇ ಹೇಳು. ಹಾಗೆ ಬಿಡಿಸಿ ಹೇಳುವ ಕೆಲಸವನ್ನು ಕಂಪೈಲರ್, ಅಂದರೆ ನಾವು ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತರುವ ತಂತ್ರಾಂಶ, ಅದು ಮಾಡಲಿ. ಯಂತ್ರದ ಹೊಟ್ಟೆಯಲ್ಲಿ ಗುಟ್ಟಿನ ಬರಹವೇ ಬೇಡ. ನಮ್ಮದಕ್ಕೆ ಆಗಲೇ ಇವರು ಸಿಸ್ಕ್ ಎಂದು ಹೆಸರಿಟ್ಟಿದ್ದರು, ಸಿಕ್ಕು ಸಿಕ್ಕಾದ ಆಜ್ಞೆಗಳ ಯಂತ್ರ ಎಂಬ ಅರ್ಥದಲ್ಲಿ. ಹೆಸರಿಟ್ಟ ರೀತಿಯಲ್ಲೇ ಬೈಗುಳ ಇತ್ತು.

ಯಮಾನೆ ಮೂರು ವಾರ ನಮ್ಮ ಯಂತ್ರಗಳ ಮೇಲೆ ಓಡುವ ಪ್ರೋಗ್ರಾಮುಗಳನ್ನೆಲ್ಲ ಎಣಿಸಿ ಒಂದು ದೊಡ್ಡ ಹಾಳೆಯನ್ನು ಮೂರನೇ ಮಹಡಿಯ ಗೋಡೆಗೆ ಅಂಟಿಸಿದ. ಮುನ್ನೂರರಲ್ಲಿ ಇಪ್ಪತ್ತು ಆಜ್ಞೆಗಳೇ ನೂರಕ್ಕೆ ತೊಂಬತ್ತು ಪಾಲು ದುಡಿಯುತ್ತಿದ್ದವು. ಉಳಿದವು ಸುಮ್ಮನೆ ಕೂತಿದ್ದವು. ಅದನ್ನಾದರೂ ಒಡೆಟ್ ಸಹಿಸುತ್ತಿದ್ದಳೇನೋ. ಕೆಳಗಡೆ ಇನ್ನೊಂದು ಸಾಲಿತ್ತು. ಅವಳ "ಪಟ್ಟಿಯಲ್ಲಿ ಹುಡುಕು" ಆಜ್ಞೆ ಪಟ್ಟಿಯ ಒಂದೊಂದು ಹೆಸರಿಗೂ ಏಳು ಬಡಿತ ತೆಗೆದುಕೊಳ್ಳುತ್ತದೆ. ಅದೇ ಯಂತ್ರದ ಮೇಲೆ ಅದೇ ಕೆಲಸವನ್ನು ಸಣ್ಣ ಆಜ್ಞೆಗಳಿಂದ ಮಾಡಿಸಿದರೆ ಆರೇ ಬಡಿತ. ಅವಳ ಕೆಲಸವೇ ಇಲ್ಲದಿದ್ದರೆ ಯಂತ್ರ ಹೆಚ್ಚು ವೇಗವಾಗಿ ಓಡುತ್ತಿತ್ತು ಎಂದು ಗೋಡೆಯ ಮೇಲೆ ಬರೆದ ಹಾಗಾಯಿತು. ಯಾರೋ ಪಕ್ಕದಲ್ಲಿ ಪೆನ್ಸಿಲಿನಲ್ಲಿ "ಆಮೆ" ಎಂದೂ ಗೀಚಿದ್ದರು.

ಒಡೆಟ್ ಹಾಳೆಯ ಮುಂದೆ ಬಹಳ ಹೊತ್ತು ನಿಂತಳು. ಯಮಾನೆ ತಾನಾಗಿಯೇ ಬಂದ.

"ಎಣಿಕೆಯಲ್ಲಿ ತಪ್ಪಿದ್ದರೆ ಹೇಳಿ, ತಿದ್ದುತ್ತೀನಿ."

"ತಪ್ಪಿಲ್ಲ. ಅದೇ ನಿನ್ನ ಮೇಲೆ ಸಿಟ್ಟು" ಎಂದಳು.

"ನಿಮ್ಮ ಮಿಕ್ಕ ಬರಹ ಓದಿದೆ. ಅಷ್ಟು ಬಿಗಿಯಾಗಿ ಬರೆಯೋರು ಇಲ್ಲಿ ಯಾಕೆ ಇಷ್ಟು ಸಡಿಲ ಬಿಟ್ಟಿದ್ದೀರಿ ಅಂತ ಅರ್ಥ ಆಗಲಿಲ್ಲ."

ಅವಳು ಅವನನ್ನು ದುರುಗುಟ್ಟಿ ನೋಡಿದಳು. "ಎಣಿಸೋಕೆ ಬರುತ್ತಲ್ಲ, ಎಣಿಸ್ಕೊಂಡಿರು" ಎಂದು ಒಳಗೆ ಹೋದಳು. ಹೋಗುವಾಗ "ಆಮೆ"ಯನ್ನು ರಬ್ಬರಿನಿಂದ ಅಳಿಸಿದಳು.

ಮುಂದಿನ ಶುಕ್ರವಾರ ಸಭೆ ಎಂದು ಟ್ವಿಚೆಲ್ ಕಾಗದ ಕಳಿಸಿದ. ಅಲ್ಲಿ ತೀರ್ಮಾನವಾಗಬೇಕಾದದ್ದು ಒಂದೇ: ಮೈಕ್ರೋಕೋಡ್ ಕೋಣೆ ಉಳಿಯಬೇಕೋ ಮುಚ್ಚಬೇಕೋ. ಮುಚ್ಚಿದರೆ ಆರು ಜನರೂ ಮನೆಗೆ. ಅದಕ್ಕಿಂತ ಕೆಟ್ಟದ್ದು, ಯಾವ ಹೆಸರು ಹೊತ್ತು ಮನೆಗೆ ಹೋಗಬೇಕು ಎಂಬುದು. ಐವತ್ತೆರಡು ವರ್ಷದ, ಮದುವೆಯಾಗದ, ಬೇರೇನೂ ಹಚ್ಚಿಕೊಳ್ಳದ ಹೆಂಗಸು ಒಡೆಟ್. ಕೆಲಸಗಾರ್ತಿ ಎಂಬ ಹೆಸರೊಂದೇ ಅವಳ ಆಸ್ತಿ. ಗೋಡೆಯ ಮೇಲಿನ ಏಳು ಅದನ್ನೂ ಕಿತ್ತುಕೊಳ್ಳುತ್ತಿತ್ತು.

"ಆ ಏಳರಲ್ಲಿ ಎರಡು ಟ್ವಿಚೆಲ್‌ನವು ಕಣೆ" ಎಂದು ನಾನು ಊಟದ ಹೊತ್ತಿನಲ್ಲಿ ಸಿಡಿದೆ. "ಎರಡು ಖಾಲಿ ಹೆಜ್ಜೆ ಅವನಿಗೋಸ್ಕರ ಹಾಕಿದ್ದು. ಈಗ ಅದನ್ನೇ ತೋರಿಸಿ ನಿನ್ನ ಕುತ್ತಿಗೆ ಹಿಡೀತಿದ್ದಾನೆ. ಹೋಗಿ ಹೇಳು. ನಾಚಿಕೆಗೆಟ್ಟವನು."

"ಹೇಳೋದು ನನ್ನ ಕೆಲಸ ಅಲ್ಲ. ಅವನದು."

"ಅವನು ಹೇಳ್ತಾನೆ ಅಂತ ಕಾಯ್ತಿದೀಯಾ? ಹೇಳಿದ ಹಾಗೇ ಇದೆ."

"ಹೇಳ್ದೇ ಇದ್ರೆ ಅದೂ ಅವನದೇ" ಎಂದು ಸ್ಯಾಂಡ್‌ವಿಚ್‌ನ ಅಂಚು ಕತ್ತರಿಸಿ ತಟ್ಟೆಯ ಬದಿಗೆ ಇಟ್ಟಳು. ಅಂಚು ತಿನ್ನುತ್ತಿರಲಿಲ್ಲ ಅವಳು.

ಆದರೆ ಸುಮ್ಮನೆ ಕೂರಲಿಲ್ಲ. ಮೂರು ದಿನ ಬಾಗಿಲು ಹಾಕಿಕೊಂಡು ಮೂವತ್ತೆಂಟು ಖಾಲಿ ಹೆಜ್ಜೆಗಳನ್ನೂ ಒಂದೊಂದಾಗಿ ಕಿತ್ತಳು. ಯಂತ್ರದ ಮೇಲೆ ಓಡಿಸಿ ನೋಡಿದಳು. ಏಳು ಇದ್ದದ್ದು ಐದಾಯಿತು. ಸಣ್ಣ ಆಜ್ಞೆಗಳ ಆರಕ್ಕಿಂತ ಒಂದು ಕಡಿಮೆ. ಆ ಹಾಳೆಯನ್ನು ನನಗೆ ತೋರಿಸುತ್ತಾ ಒಂದೊಂದು ಸಾಲಿನ ಮೇಲೂ ಬೆರಳಾಡಿಸಿದಳು. ಹನ್ನೊಂದು ವರ್ಷ ಆ ಗಂಟುಗಳು ಅವಳ ಬೆರಳಿಗೆ ಚುಚ್ಚುತ್ತಲೇ ಇದ್ದವು ಎಂದು ನನಗೆ ಆಗ ಗೊತ್ತಾಯಿತು. "ಈಗ ನಮ್ಮಮ್ಮ ಬಂದು ಮುಟ್ಟಿ ನೋಡಬಹುದು" ಎಂದಳು. ಕಾರಣ ಬರೆಯುವ ಜಾಗವನ್ನು ಮಾತ್ರ ಖಾಲಿ ಬಿಟ್ಟಿದ್ದಳು.

ಶುಕ್ರವಾರ ಹತ್ತು ಗಂಟೆಗೆ ಸಭೆ. ಉದ್ದ ಮೇಜಿನ ತಲೆಗೆ ಟ್ವಿಚೆಲ್, ಪಕ್ಕಕ್ಕೆ ಯಮಾನೆ, ಎದುರಿಗೆ ಒಡೆಟ್, ಸುತ್ತ ಬೇರೆ ವಿಭಾಗದ ನಾಲ್ಕು ಜನ. ನಡಾವಳಿ ಬರೆದುಕೊಳ್ಳಲು ಮೂಲೆಯಲ್ಲಿ ನಾನು. ಒಡೆಟ್ ಹಾಳೆಯನ್ನು ಮೇಜಿನ ಮಧ್ಯಕ್ಕೆ ತಳ್ಳಿದಳು. ಯಮಾನೆ ಎತ್ತಿ ನೋಡಿದ, ಮತ್ತೊಮ್ಮೆ ನೋಡಿದ.

"ಐದು. ಇದು ಹೇಗೆ?"

"ಖಾಲಿ ಹೆಜ್ಜೆ ಇದ್ದವು. ತೆಗೆದೆ."

"ಯಾಕೆ ಇದ್ದವು?"

ಒಡೆಟ್ ಟ್ವಿಚೆಲ್‌ನನ್ನು ನೋಡಿದಳು. ಅವನೂ ನೋಡಿದ. ಆಮೇಲೆ ತನ್ನ ಪೆನ್ನಿನ ಮುಚ್ಚಳವನ್ನು ನೋಡಿದ. ಆ ಕೋಣೆಯಲ್ಲಿ ಅದಕ್ಕೆ ಉತ್ತರ ಗೊತ್ತಿದ್ದವರು ಮೂರೇ ಜನ.

"ಅದನ್ನ ಬೇಕಾದ್ರೆ ಮರ್ಟನ್ ಹೇಳಬಹುದು" ಎಂದಳು ಒಡೆಟ್.

"ಮಿಸ್ ಲಾಫ್ಲಾಮ್" ಎಂದ ಅವನು. ಹನ್ನೊಂದು ವರ್ಷದಲ್ಲಿ ಅವಳನ್ನು ಹಾಗೆ ಕರೆದದ್ದು ಅದೇ ಮೊದಲು. "ನೀವು ಬರೆದದ್ದನ್ನ ನಾನು ಹೇಗೆ ಹೇಳಲಿ? ಷರಾದಲ್ಲಿ ಏನಾದರೂ ಕಾರಣ ಇದೆಯಾ?"

"ಕತ್ತರಿ ಗುರುತಿದೆ."

"ಕತ್ತರಿ ಗುರುತು ಅಂದ್ರೆ ಏನು ಅಂತ ನನಗೆ ಗೊತ್ತಿಲ್ಲ."

ಹಾಳಾದವನೇ, ನಿನ್ನ ಹೆಂಡತಿಯ ಪೈ ತಿಂದವಳು ಇಲ್ಲೇ ಕೂತಿದ್ದೇನೆ ಎಂದು ಮನಸ್ಸಿನಲ್ಲೇ ಶಾಪ ಹಾಕಿದೆ.

"ಬರೆದವಳು ನಾನೇ" ಎಂದಳು ಒಡೆಟ್.

ಯಮಾನೆ ಮೇಜಿನ ಮೇಲೆ ಬಾಗಿದ. "ತೀರ್ಮಾನ ಏನೇ ಆಗಲಿ, ಈ ಐದನ್ನ ಲೆಕ್ಕಕ್ಕೆ ತಗೋಬೇಕು. ಒಂದು ತಿಂಗಳು ಕೊಡಿ, ಮತ್ತೆ ಅಳೀತೀನಿ" ಎಂದ. ಅವನಿಗಿದ್ದಷ್ಟು ಮರ್ಯಾದೆ ಅಲ್ಲಿ ಬೇರೆ ಯಾರಿಗೂ ಇರಲಿಲ್ಲ ಎಂದು ಈಗ ಹೇಳಬೇಕಾಗಿದೆ.

"ಅಳೆಯೋ ಅಗತ್ಯ ಇಲ್ಲ" ಎಂದ ಟ್ವಿಚೆಲ್. "ಒಬ್ಬರ ಅಸಡ್ಡೆ ಹನ್ನೊಂದು ವರ್ಷ ಯಾರ ಕಣ್ಣಿಗೂ ಬೀಳದೆ ಅಡಗಿ ಕೂರುತ್ತೆ ಅಂದ್ರೆ, ಮೈಕ್ರೋಕೋಡ್ ಬೇಡ ಅನ್ನೋಕೆ ಇದಕ್ಕಿಂತ ಇನ್ನೇನು ಕಾರಣ ಬೇಕು? ಬರೆದವರ ಅಸಡ್ಡೆಯಿಂದ ಆದದ್ದು. ನೋರೀನ್, ಅದನ್ನ ಹಾಗೇ ಬರ್ಕೋ."

ಒಡೆಟ್‌ಳ ಹೆಸರಿನ ಮುಂದೆ ಹಾಗೇ ಬರೆದುಕೊಂಡೆ. ಬರೆದುಕೊಳ್ಳುವುದು ನನ್ನ ಕೆಲಸ.

ಸಭೆ ಮುಗಿದ ಮೇಲೆ ಮೆಟ್ಟಿಲ ಹತ್ತಿರ ಅವಳನ್ನು ಹಿಡಿದು ನಿಲ್ಲಿಸಿದೆ. "ಯಾಕೆ ಬಾಯಿ ಬಿಡಲಿಲ್ಲ ನೀನು? ಕಲ್ಲಾ ನೀನು?"

"ನೀನು ಬರ್ಕೊಂಡ್ಯಾ?"

"ಹೂಂ. ಅವನು ಹೇಳಿದ ಮೇಲೆ ಏನು ಮಾಡ್ಲಿ?"

"ಹಾಗಾದ್ರೆ ಟೈಪ್ ಮಾಡಿ ಕೊಡು. ಕಾಯ್ತಿರ್ತಾರೆ" ಎಂದು ಕೈ ಬಿಡಿಸಿಕೊಂಡು ಹೋದಳು.

ಜನವರಿಯಲ್ಲಿ ಕೋಣೆ ಮುಚ್ಚಿದರು. ಅವಳು ತನ್ನ ಪೆನ್ಸಿಲುಗಳನ್ನೂ ಒಂದು ಸ್ವೆಟರನ್ನೂ ಕಾಗದದ ಚೀಲಕ್ಕೆ ಹಾಕಿಕೊಂಡು ಹಿಮದಲ್ಲಿ ಸೇತುವೆ ದಾಟಿ ನಡೆದು ಹೋದಳು. ಬೀಳ್ಕೊಡುಗೆ ಮಾಡುತ್ತೇವೆ ಎಂದವರಿಗೆ ಬೇಡ ಎಂದಿದ್ದಳು. ಕೆಲಸ ಕೇಳಿಕೊಂಡು ಹೋದ ಎರಡು ಕಂಪನಿಗಳಿಗೆ ಆ ಅಸಡ್ಡೆಯ ಸುದ್ದಿ ಅವಳಿಗಿಂತ ಮೊದಲೇ ತಲುಪಿತ್ತು. ಆಮೇಲೆ ಪ್ರೌಢಶಾಲೆಯೊಂದರಲ್ಲಿ ಗ್ರಂಥಾಲಯದ ಚೀಟಿ ಜೋಡಿಸುವ ಕೆಲಸಕ್ಕೆ ಸೇರಿದಳು.

ಒಂದೂವರೆ ವರ್ಷಕ್ಕೆ ಟ್ವಿಚೆಲ್‌ನ ಹೊಸ ರಿಸ್ಕ್ ಯಂತ್ರ ಎದ್ದು ನಿಂತಿತು. ನಲವತ್ತೆರಡು ಆಜ್ಞೆ, ಮೈಕ್ರೋಕೋಡ್ ಇಲ್ಲ. ಒಳ್ಳೆಯ ಯಂತ್ರವೇ, ಸುಳ್ಳು ಹೇಳಲಾರೆ. ಹಳೆಯದನ್ನು ಮೂರು ಪಟ್ಟು ಹಿಂದೆ ಹಾಕುತ್ತಿತ್ತು. ಆದರೆ ಮೆಮೊರಿ ಬೋರ್ಡಿನ ನಕ್ಷೆಯನ್ನು ಟ್ವಿಚೆಲ್ ಬೇರೆಯವರಿಗೆ ಬಿಡದೆ ತಾನೇ ಹಾಕಿದ್ದ, ಹಳೇ ಕೈಚಳಕ ತೋರಿಸಲು. ಬೋರ್ಡುಗಳು ತಯಾರಾಗಿ ಬಂದ ಮೇಲೆ ನೋಡಿದರೆ ಮಾಹಿತಿ ಒಂದು ಬಡಿತ ತಡವಾಗಿ ಬರುತ್ತಿತ್ತು. ಅದೇ ಮನುಷ್ಯ, ಅದೇ ತಪ್ಪು. ಕೇಳಿ ನನಗೆ ನಗು ತಡೆಯಲಾಗಲಿಲ್ಲ.

ಒಂದು ಶನಿವಾರ ಬೆಳಿಗ್ಗೆ ಅವನ ಕಾರು ನನ್ನ ಮನೆ ಮುಂದೆ ನಿಂತಿತು. ಪಕ್ಕದ ಸೀಟಿನ ಮೇಲೆ ಪೈ, ಬ್ಲೂಬೆರಿಯದೇ, ಈ ಸಲ ಅಂಗಡಿಯದು.

"ನೀನೂ ಬಾ ನೋರೀನ್. ನಾನೊಬ್ಬನೇ ಹೋದ್ರೆ ಬಾಗಿಲು ತೆಗೆಯಲ್ಲ ಅವಳು."

ಹೋದೆ. ಇವನ ಮುಖಕ್ಕೆ ಅವಳು ಉಗಿಯುವುದನ್ನು ನೋಡಬೇಕು ಎಂದೇ ಹೋದೆ. ಒಡೆಟ್ ಇದ್ದದ್ದು ಮೂರು ಅಂತಸ್ತಿನ ಮರದ ಮನೆಯ ಎರಡನೇ ಅಂತಸ್ತಿನಲ್ಲಿ. ಬಾಗಿಲು ತೆಗೆದು ಹೊಸ್ತಿಲಲ್ಲೇ ನಿಂತಳು. ಒಳಗೆ ಕರೆಯಲಿಲ್ಲ.

"ಪೈ ಯಾರಿಗೆ?"

"ನಿನಗೇ ಒಡೆಟ್."

"ನನ್ನ ಹತ್ರ ಮೈಕ್ರೋಕೋಡ್ ಇಲ್ಲ. ನಿನ್ನ ಯಂತ್ರದಲ್ಲೂ ಇಲ್ಲ. ಇನ್ನು ಮುಚ್ಚೋಕೆ ಜಾಗ ಎಲ್ಲಿದೆ?"

ಅವನು ತಡವರಿಸುತ್ತಾ ವಿಷಯ ಹೇಳಿದ. ಬೋರ್ಡು ಮತ್ತೆ ಮಾಡಿಸಲು ಎಂಟು ತಿಂಗಳು ಬೇಕು. ಅಷ್ಟು ದಿನ ಯಂತ್ರ ಮಾರುಕಟ್ಟೆಗೆ ಹೋಗದಿದ್ದರೆ ಕಂಪನಿ ಅವನನ್ನು ಇಟ್ಟುಕೊಳ್ಳುವುದಿಲ್ಲ. "ನಿನಗೇನಾದರೂ ದಾರಿ ಹೊಳೆಯುತ್ತೇನೋ ಅಂತ ಬಂದೆ."

ಅವಳು ಕೈ ಚಾಚಿದಳು. ಅವನು ಪೈ ಕೊಡಲು ಹೋದ. "ಅದಲ್ಲ, ನಕ್ಷೆ" ಎಂದಳು. ಬಾಗಿಲಿಗೆ ಒರಗಿ ನಕ್ಷೆಯನ್ನು ಐದು ನಿಮಿಷ ನೋಡಿದಳು.

"ಕಂಪೈಲರ್ ಬರೆಯೋರಿಗೆ ಹೇಳು. ಮೆಮೊರಿಯಿಂದ ತರಿಸೋ ಆಜ್ಞೆ ಆದ ಮೇಲೆ ಪ್ರತಿ ಸಲ ಒಂದು ಖಾಲಿ ಆಜ್ಞೆ ಹಾಕ್ಲಿ. ಕೈಯಲ್ಲಿ ಪ್ರೋಗ್ರಾಂ ಬರೆಯೋರೂ ಹಾಕ್ಲಿ. ಕೈಪಿಡೀಲಿ ಅಚ್ಚು ಹಾಕಿಸು."

"ಎಲ್ಲರಿಗೂ ಗೊತ್ತಾಗಿಹೋಗುತ್ತಲ್ಲ."

"ಗೊತ್ತಾಗ್ಲಿ. ನಿನ್ನ ಯಂತ್ರ ನಿನಗಿಂತ ಮರ್ಯಾದಸ್ಥ ಮರ್ಟನ್. ಯಾರ ತಪ್ಪನ್ನೂ ಹೊಟ್ಟೇಲಿ ಇಟ್ಕೊಳ್ಳಲ್ಲ." ನಕ್ಷೆಯನ್ನು ಮಡಿಸಿ ಅವನ ಕೈಗಿಟ್ಟಳು. "ನನಗೆ ಒಂದು ಕೆಲಸ ಮಾಡಿಕೊಡು. ಆವತ್ತಿನ ನಡಾವಳಿಯಲ್ಲಿ ಒಂದು ಪದ ಇದೆ. ಅದನ್ನ ತೆಗೆಸು."

ಅವನ ಮುಖ ಬಿಳಿಚಿಕೊಂಡಿತು. "ಆದದ್ದು ಆಗಿಹೋಯ್ತಲ್ಲ ಒಡೆಟ್. ಈಗ ತೆಗೆಸಬೇಕು ಅಂದ್ರೆ ಕಾರಣ ಬರೀಬೇಕಾಗುತ್ತೆ."

"ಹೌದು, ಬರೀಬೇಕಾಗುತ್ತೆ" ಎಂದು ಅವಳು ಬಾಗಿಲು ಹಾಕಿಕೊಂಡಳು.

ಅವನು ಪೈಯನ್ನು ವಾಪಸ್ಸು ತಂದು ಹಿಂದಿನ ಸೀಟಿನ ಮೇಲಿಟ್ಟ. ಸೇತುವೆಯ ತಿರುವಿನಲ್ಲಿ ಅದು ಜಾರಿ ಕೆಳಗೆ ಬಿದ್ದು ಚೆಲ್ಲಿತು. ನಾನು ಎತ್ತಲಿಲ್ಲ.

ಹೊಸ ಯಂತ್ರದ ಕೈಪಿಡಿ ಬರೆಯಬೇಕಾದವಳು ನಾನೇ. "ಅದನ್ನ ಸ್ವಲ್ಪ ಚೆಂದವಾಗಿ ಬರಿ, ಇದೂ ವಿನ್ಯಾಸದ ಒಂದು ಗುಣ ಅನ್ನೋ ಹಾಗೆ" ಎಂದ ಟ್ವಿಚೆಲ್. ನಾನು ನಲವತ್ತೊಂದನೇ ಪುಟದಲ್ಲಿ ಹೀಗೆ ಬರೆದೆ: "ಮೆಮೊರಿಯಿಂದ ಮಾಹಿತಿ ತರುವ ಆಜ್ಞೆಯ ನಂತರ ಒಂದು ಖಾಲಿ ಆಜ್ಞೆ ಇರಲೇಬೇಕು. ಬೋರ್ಡಿನಲ್ಲಿ ಮಾಹಿತಿ ತಡವಾಗಿ ಬರುವುದೇ ಇದಕ್ಕೆ ಕಾರಣ. ಇದು ಬರೆದವರ ಅಸಡ್ಡೆ ಅಲ್ಲ." ಕೈಪಿಡಿಗೂ ಅದೇ ನಿಯಮ, ಬರೆದ ಸಾಲನ್ನು ಹೊಡೆದುಹಾಕಬೇಕಾದರೆ ಕಾರಣ ಬರೆದು ಸಹಿ ಮಾಡಬೇಕು. ಟ್ವಿಚೆಲ್ ಆ ಪುಟವನ್ನು ನಾಲ್ಕು ದಿನ ಇಟ್ಟುಕೊಂಡು, ಒಂದು ಗೆರೆಯನ್ನೂ ಎಳೆಯದೆ ವಾಪಸ್ಸು ಕಳಿಸಿದ. ಕಡೆಯ ಸಾಲು ಯಾಕಿದೆ ಎಂದು ಓದಿದವರು ಯಾರೂ ಕೇಳಲಿಲ್ಲ. ಯಂತ್ರ ಚೆನ್ನಾಗಿ ಮಾರಾಟವಾಯಿತು. ಅವನಿಗೆ ಏನೂ ಆಗಲಿಲ್ಲ.

ನಾನು ಮಾತ್ರ ಅಚ್ಚಾದ ಮೊದಲ ಪ್ರತಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಒಡೆಟ್‌ಳ ಮನೆಗೆ ಹೋದೆ. ಜಗತ್ತು ಗೆದ್ದ ಹಾಗೆ ಮೆಟ್ಟಿಲು ಹತ್ತಿದೆ. ನನ್ನನ್ನು ಒಳಗೆ ಕರೆದಳು. ಅಡುಗೆಮನೆಯ ಮೇಜಿನ ಮೇಲೆ ನಲವತ್ತೊಂದನೇ ಪುಟ ತೆರೆದಿಟ್ಟು, ಸಾಲಿನ ಮೇಲೆ ಬೆರಳಿಟ್ಟು ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು ಓದಿದಳು. ಎರಡನೇ ಸಲವೂ ಓದಿದಳು.

"ಅವನು ಉಸಿರೆತ್ತಲಿಲ್ಲ ಕಣೆ" ಎಂದೆ. "ನಾಲ್ಕು ದಿನ ಇಟ್ಕೊಂಡು ಒದ್ದಾಡಿ ಹಾಗೇ ಕಳಿಸಿದ. ದೇಶಕ್ಕೆಲ್ಲ ಗೊತ್ತಾಗೋ ಹಾಗೆ ಬರೆದಿದ್ದೀನಿ."

"ಇದರಲ್ಲಿ ನನ್ನ ಹೆಸರು ಎಲ್ಲಿದೆ?"

"ಹೆಸರು ಹೇಗೆ ಹಾಕೋಕಾಗುತ್ತೆ?"

"ನಡಾವಳೀಲಿ ಹಾಕಿದ್ದೆಯಲ್ಲ" ಎಂದಳು.

ನಾನು ಸಾಲಿನ ಮೇಲಿಂದ ಬೆರಳು ತೆಗೆದೆ.

"ಹೇಳಬಾರದು ಅನ್ನೋ ಪದ್ಧತಿ ಮುಚ್ಚಿದವರಿಗೆ ನೋರೀನ್. ನನಗೆ. ನಿನಗಲ್ಲ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ನನ್ನ ಪುಟ ತಿದ್ದುವಾಗಿನ ದನಿಯೇ. "ಅವನು ಅತ್ತಿದ್ದು ನೀನು ನೋಡಿದ್ದೆ. ಆ ಪೈ ತಿಂದಿದ್ದೆ. ಅವನು ಹೇಳಲಿಲ್ಲ, ಸರಿ, ಅವನು ಯಾವತ್ತೂ ಹಾಗೇ. ನಾನು ಅವನನ್ನ ನೋಡಿದ ಮೇಲೆ ನಿನ್ನನ್ನೂ ನೋಡಿದೆ. ನೀನು ತಲೆ ಎತ್ತಲಿಲ್ಲ. ಬರೀತಾ ಇದ್ದೆ."

ಕೈಪಿಡಿಯನ್ನು ಮುಚ್ಚಿ ನನ್ನ ಕಡೆಗೆ ಸರಿಸಿದಳು. ಎದ್ದು ಹೋಗಿ ಒಲೆಯ ಮೇಲಿದ್ದ ಕಾಫಿಯನ್ನು ಒಂದೇ ಕಪ್ಪಿಗೆ ಬಗ್ಗಿಸಿಕೊಂಡಳು.